ಬೀರುವಿನ ಹಿಂದಿನ ಸಿಂಹ

ಮಾರ್ಚ್ 3, ಸೋಮವಾರ

ಇವತ್ತು ರಿಪೇರಿಯವರು ಬಂದರು. ಮೇಲಿನ ಮನೆಯ ಪೈಪು ಸೋರಿ ನಮ್ಮ ಬಚ್ಚಲಿನ ಗೋಡೆ ಉಬ್ಬಿಕೊಂಡಿದೆ. ಒಡೆದು, ಪೈಪು ಬದಲಿಸಿ, ಮತ್ತೆ ಗಾರೆ ಮಾಡಬೇಕಂತೆ. ಪ್ಲಂಬರ್ ಒಬ್ಬ, ಮೇಸ್ತ್ರಿ ಒಬ್ಬ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಇಬ್ಬರೂ ನಾಲಿಗೆ ಹೊರಗೆ ಹಾಕಿದ್ದರು. ನಾನು ಅವರ ಹಿಂದೆಯೇ ಒಂದು ಕೈಯಲ್ಲಿ ಅವರ ಮರಳಿನ ಬಕೆಟ್, ಇನ್ನೊಂದರಲ್ಲಿ ನಮ್ಮ ಹಾಲಿನ ಪ್ಯಾಕೆಟ್ ಹಿಡಿದು ಒಂದೇ ಉಸಿರಿಗೆ ಹತ್ತಿದೆ. "ಅರವತ್ತೆಂಟು ನನಗೆ" ಎಂದೆ. ನಂಬಲಿಲ್ಲ. ಯಾರೂ ನಂಬುವುದಿಲ್ಲ.

ಗೋಡೆ ಒಡೆಯುವ ಮುಂಚೆ ತಂಗಿಯ ಮಗಳು, ನನ್ನ ಪಾಲಿಗೆ ಮಗಳೇ, ಬಚ್ಚಲಿನ ಮೂಲೆಯಲ್ಲಿ ಕತ್ತೆತ್ತಿ ನಿಂತಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಅವಳ ಕಣ್ಣು ತಪ್ಪಿಸಲಾಗದು.

"ಮಾವ, ಆ ಕಪ್ಪು ಚುಕ್ಕೆ ನೋಡಿ. ಬೂಷ್ಟಾ ಅದು?"

"ಮಸಿ" ಎಂದೆ.

"ಬಚ್ಚಲಲ್ಲಿ ಮಸಿ ಎಲ್ಲಿಂದ ಬರುತ್ತೆ?"

"ಹಬೆಯಿಂದ. ಹಬೆ ಹಳೇದಾದ್ರೆ ಮಸಿ ಆಗುತ್ತೆ ಕಣೇ."

ಇದನ್ನು ಯಾವ ಪುಸ್ತಕದಲ್ಲಿ ಬರೆದಿದೆಯೋ ನನಗೂ ತಿಳಿಯದು. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕೂತಿದ್ದೆ. ಅಲ್ಲಿ ಕಲಿತದ್ದರಲ್ಲಿ ಇಷ್ಟು ಕಾಲ ಬಾಳಿಕೆ ಬಂದದ್ದು ಇದೊಂದೇ: ಉತ್ತರ ಗೊತ್ತಿಲ್ಲದಿದ್ದರೆ ಗಟ್ಟಿಯಾಗಿ ಹೇಳಬೇಕು. ಮೇಷ್ಟ್ರು ಅರ್ಧ ಸಲ ಒಪ್ಪಿಕೊಳ್ಳುತ್ತಿದ್ದರು.

ಅದೂ ಅಲ್ಲದೆ ಗೋಡೆಯ ವಿಷಯದಲ್ಲಿ ನನ್ನ ಮಾತನ್ನು ಪ್ರಶ್ನಿಸುವವರು ಯಾರು. ಮೂವತ್ತೊಂದು ವರ್ಷ ಪಟ್ಟಣದ ಗೋಡೆಗಳಿಗೆಲ್ಲ ಪೋಸ್ಟರ್ ಅಂಟಿಸಿದವನು ನಾನು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರೆ ಸಾಕು, ಗೋಡೆಯ ಜಾತಕ ಹೇಳಿಬಿಡುತ್ತೇನೆ. ಈ ಮನೆ ಹಿಡಿದದ್ದೂ ನನ್ನ ಮಾತಿನ ಮೇಲೆಯೇ. ಹತ್ತು ತಿಂಗಳ ಹಿಂದೆ ಒಂದೊಂದೇ ಕೋಣೆಯ ಗೋಡೆ ತಟ್ಟಿ "ಕಲ್ಲು ಇದ್ದ ಹಾಗಿದೆ, ಕಣ್ಣು ಮುಚ್ಚಿಕೊಂಡು ಬಾ" ಎಂದಿದ್ದೆ. ಹಾಗೆಯೇ ಬಂದಳು.

ಸಂಜೆ ಅಂಗಡಿಯಿಂದ ಬಂದವಳು ದಿನದಂತೆ ನನ್ನ ಮೂಗಿನ ಮೇಲಿನ ಕನ್ನಡಕ ಕಿತ್ತುಕೊಂಡು, ಚೀಲದಲ್ಲಿನ ಮೆತ್ತನೆ ಬಟ್ಟೆಯಿಂದ ಒರೆಸಿ, ಮತ್ತೆ ಮೂಗಿನ ಮೇಲಿಟ್ಟಳು. "ಇದನ್ನ ನೋಡಿದವರು ನಮ್ಮ ಅಂಗಡಿಗೆ ಬರೋದೇ ಬಿಡ್ತಾರೆ" ಎಂದು ಬೈದಳು. ದಿನಾ ಇದೇ ಬೈಗುಳ. ಇದಿಲ್ಲದೆ ನನಗೆ ಊಟ ಸೇರುವುದಿಲ್ಲ.

ಮಾರ್ಚ್ 5, ಬುಧವಾರ

ಬಚ್ಚಲಿನ ಗೋಡೆಯ ಆಚೆ ಬದಿಗೆ ಮಗಳು-ಅಳಿಯನ ಕೋಣೆ. ಒಡೆಯುವುದು ಅಲ್ಲಿಗೂ ಬಂತು. ಮನೆಯೆಲ್ಲ ಧೂಳು. ಅಳಿಯ ಬೇಕರಿಯಲ್ಲಿ ಹಿಟ್ಟು ಮೆತ್ತಿಕೊಂಡು ಬರುವವನು, ಇವತ್ತು ಮನೆಯವರೆಲ್ಲ ಅವನ ಹಾಗೆಯೇ ಕಾಣುತ್ತಿದ್ದೆವು. ಅವರಿಬ್ಬರೂ ಹಾಲ್‌ನಲ್ಲಿ ಮಲಗುವುದೆಂದಾಯಿತು. ಚೂಟಿಯ ಮಂಚ ಮಾತ್ರ ನನ್ನ ಕೋಣೆಗೆ. ಚೂಟಿ ಎಂದರೆ ಅವರ ಮಗಳು, ಆರು ವರ್ಷ, ನನ್ನನ್ನು ಅಜ್ಜ ಎಂದು ಕರೆಯುತ್ತಾಳೆ, ಹಾಗೆಂದು ಮರ್ಯಾದೆಯೇನೂ ಕೊಡುವುದಿಲ್ಲ.

"ಬೇಡ ಕಣೇ, ನನ್ನ ಗೊರಕೆಗೆ ಮಗು ಹೆದರುತ್ತೆ" ಎಂದೆ.

"ಆ ಗೊರಕೆ ಕೇಳ್ಕೊಂಡೇ ಅವಳು ದೊಡ್ಡವಳಾಗಿದ್ದು ಮಾವ. ಬೀರು ಪಕ್ಕ ಜಾಗ ಇದೆ, ಅಲ್ಲಿ ಹಾಕ್ತೀನಿ."

ಬೀರುವಿನ ಪಕ್ಕ. ಬೇರೆ ಜಾಗವೇ ಇರಲಿಲ್ಲವೇ.

ಈ ವಿಷಯ ಬೇರೆಲ್ಲೂ ಹೇಳುವಂತಿಲ್ಲ, ಇಲ್ಲಿಯೇ ಬರೆದು ಭಾರ ಇಳಿಸಿಕೊಳ್ಳುತ್ತೇನೆ. ಈ ಪುಸ್ತಕ ಹಳೆಯ ಪೋಸ್ಟರುಗಳನ್ನು ಕತ್ತರಿಸಿ, ಖಾಲಿ ಹಿಂಬದಿ ಮೇಲೆ ಬರುವಂತೆ ನಾನೇ ಹೊಲಿದದ್ದು. ಓದುವವನೂ ನಾನೇ.

ಈ ಮನೆಗೆ ಬಂದ ಮೂರನೆಯ ದಿನ ನನ್ನ ಕೋಣೆಯ ಗೋಡೆಯಲ್ಲಿ, ಹೊಸ ಬಣ್ಣದ ಅಡಿಯಿಂದ, ಒಂದು ಕಂದು ಕಲೆ ಮೇಲೆದ್ದಿತ್ತು. ಸಾಸರಿನಷ್ಟು. ಪೋಸ್ಟರಿನವರಿಗೆ ಒಂದು ಅಭ್ಯಾಸ ಇರುತ್ತದೆ. ಗೋಡೆಯಲ್ಲಿ ನಮ್ಮ ಜಾಗದ ಸುತ್ತ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕುವುದು, ಯಾವಾಗ ಅಂಟಿಸಿದ್ದು ಎಂದು ಮರೆಯಬಾರದಲ್ಲ. ಕೈ ತಾನಾಗಿಯೇ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕಲೆಯ ಸುತ್ತ ಗೆರೆ ಎಳೆಯಿತು. ಮೇ 14 ಎಂದು ಬರೆಯಿತು. ಜೂನಿನಲ್ಲಿ ಕಲೆ ಗೆರೆ ದಾಟಿ ಊಟದ ತಟ್ಟೆಯಷ್ಟಾಯಿತು. ಇನ್ನೊಂದು ಗೆರೆ, ಇನ್ನೊಂದು ತಾರೀಖು. ಜುಲೈನಲ್ಲಿ ಕಪ್ಪು ಚುಕ್ಕೆ ಬಂದವು. ಆಗ ಮೈದಾ ಕುದಿಸಿ ಅಂಟು ಮಾಡಿ, ಜೋಪಾನವಾಗಿಟ್ಟಿದ್ದ ಸರ್ಕಸ್ ಸಿಂಹವನ್ನು ಅದರ ಮೇಲೆ ಅಂಟಿಸಿದೆ. ಮನೆಯವರಿಗೆ ಅಲಂಕಾರ ಎಂದೆ. ಸೆಪ್ಟೆಂಬರಿನ ಹೊತ್ತಿಗೆ ಸಿಂಹಕ್ಕೆ ಮೈತುಂಬ ಚುಕ್ಕೆ ಬಂದು ಚಿರತೆಯಾಯಿತು. ಅದರ ಮೇಲೂ ಗೆರೆ ಎಳೆದು, ತಾರೀಖು ಹಾಕಿ, ಆನೆಯನ್ನು ಅಂಟಿಸಿದೆ. ಆನೆ ಹುಟ್ಟಾ ಕಪ್ಪು, ಮೂರು ತಿಂಗಳು ಮಾನ ಉಳಿಸಿತು. ಆಮೇಲೆ ಬೀರುವನ್ನೇ ಅಡ್ಡ ತಳ್ಳಿದೆ.

ಮೊದಲನೆಯ ದಿನ ಕಲ್ಲು ಎಂದು ಹೇಳಿ, ಮೂರನೆಯ ದಿನ ಕಲ್ಲು ಬೆವರುತ್ತಿದೆ ಎಂದು ಹೇಳುವುದು ಹೇಗೆ.

ಮಾರ್ಚ್ 6, ಗುರುವಾರ

ಚೂಟಿ ಬೆಳಿಗ್ಗೆ ನಾಲ್ಕು ಸಲ ಕೆಮ್ಮಿದಳು. ಧೂಳು.

ಮಾರ್ಚ್ 10, ಸೋಮವಾರ

ತಲೆ ಕೆಟ್ಟು ಹೋಗಿದೆ. ಹತ್ತು ಜನರ ಹತ್ತು ಮಾತು.

ಮಗಳು ಬಚ್ಚಲಿನ ಚುಕ್ಕೆಗಳನ್ನು ಪ್ಲಂಬರಿಗೆ ತೋರಿಸಿದಳು. "ಬರೀ ಥಂಡಿ ಅಕ್ಕ, ಪೈಪು ಸರಿ ಆಯ್ತಲ್ಲ, ತಾನೇ ಒಣಗುತ್ತೆ" ಎಂದ. ಮೇಸ್ತ್ರಿ ಉಗುರಿನಿಂದ ಕೆರೆದು "ಇದು ಇಟ್ಟಿಗೆಯ ಉಪ್ಪು" ಎಂದ. "ಉಪ್ಪು ಕಪ್ಪಗಿರುತ್ತಾ?" ಎಂದು ಮಗಳು ಕೇಳಿದ್ದಕ್ಕೆ "ಕೆಲವು ಕಡೆ ಇರುತ್ತೆ" ಎಂದ. ಗಟ್ಟಿಯಾಗಿ ಹೇಳಿದ. ಅವನೂ ನಮ್ಮ ಶಾಲೆಯವನೇ ಇರಬೇಕು. ಅಳಿಯ ಮಾತ್ರ ಮೂಸಿ ನೋಡಿ "ನಾಲ್ಕು ದಿನದ ಬ್ರೆಡ್ ವಾಸನೆ" ಎಂದ. ಮಗಳು ಫೋನಿನಲ್ಲಿ ಏನೇನೋ ಓದಿ ಇನ್ನಷ್ಟು ಗಾಬರಿಯಾದಳು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು.

"ಮಸಿನೇ" ಎಂದೆ. ಒಮ್ಮೆ ಹೇಳಿದ ಮೇಲೆ ಬದಲಿಸಬಾರದು.

ಅಂಗಡಿಗೆ ಹೋಗಿ ಬರುವಾಗ ಎರಡನೆಯ ಮಹಡಿಯಲ್ಲಿ ಗಡಿಯಾರ ರಿಪೇರಿಯವರ ಬಾಗಿಲಲ್ಲಿ ಸ್ವಲ್ಪ ನಿಂತೆ. ಪಾಪ, ಒಂಟಿ ಮನುಷ್ಯ. ಮಾತಾಡಿಸುವವರಿಲ್ಲ. ಹತ್ತು ನಿಮಿಷ ಅವರೇ ಮಾತಾಡಿದರು, ನಾನು ತಲೆಯಾಡಿಸಿದೆ.

ಮಾರ್ಚ್ 13, ಗುರುವಾರ

ಚೂಟಿಯ ಕೆಮ್ಮು ನಿಂತಿಲ್ಲ. ರಿಪೇರಿಯವರು ಎರಡು ದಿನದಿಂದ ಬಂದಿಲ್ಲ, ಧೂಳೂ ಇಲ್ಲ. ಕೆಮ್ಮು ಮಾತ್ರ ಇದೆ.

ಮಗಳು ಕೆಲಸಕ್ಕೆ, ಚೂಟಿ ಶಾಲೆಗೆ ಹೋದ ಮೇಲೆ ಟಾರ್ಚ್ ಹಿಡಿದು ಬೀರುವಿನ ಸಂದಿಯಲ್ಲಿ ಇಣುಕಿದೆ. ಆನೆಯ ಬೆನ್ನಿನ ಮೇಲೆ ಬೂದು ಬಣ್ಣದ ತುಪ್ಪಳ ಬೆಳೆದಿತ್ತು. ಕಾಗದ ಹೊಟ್ಟೆ ಬಂದ ಹಾಗೆ ಮುಂದಕ್ಕೆ ಉಬ್ಬಿತ್ತು. ಏನು ಮಾಡಬೇಕೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ಕೈ ತಿಳಿದ ಕೆಲಸವನ್ನೇ ಮಾಡುತ್ತದೆ. ಅಳಿಯನ ಡಬ್ಬಿಯಿಂದ ಮೈದಾ ತೆಗೆದು ಅಂಟು ಕುದಿಸಿ, ಬೀರು ಸರಿಸಿ, ಆನೆಯ ಮೇಲೆ ಗೆರೆ ಎಳೆದು ತಾರೀಖು ಹಾಕಿ, ಮೇಲೆ ಮೂರನೆಯ ಪದರ ಹೊಡೆದೆ. ಈ ಸಲ ಕೋಡಂಗಿ ಸಿಕ್ಕಿದ, ಕೆಂಪು ಮೂಗಿನವನು.

ಬೀರು ಯಾಕೋ ಮೊದಲಿಗಿಂತ ಭಾರವಾಗಿದೆ. ಮಗಳು ಏನೋ ತುಂಬಿರಬೇಕೆಂದು ತೆಗೆದು ನೋಡಿದರೆ ಅದೇ ಎರಡು ಕಂಬಳಿ. ಮಧ್ಯೆ ಎರಡು ಸಲ ನೆಲದ ಮೇಲೆ ಕೂತು ಗೋಡೆಯನ್ನು ಚೆನ್ನಾಗಿ ನೋಡಿದೆ. ಒಳ್ಳೆ ಕೆಲಸಗಾರ ಮಧ್ಯೆ ಮಧ್ಯೆ ದೂರದಿಂದ ನೋಡುತ್ತಾನೆ.

ಆಮೇಲೆ ಚೂಟಿಯ ಮಂಚವನ್ನು ಬಾಗಿಲ ಕಡೆಗೂ, ನನ್ನದನ್ನು ಬೀರುವಿನ ಪಕ್ಕಕ್ಕೂ ಹಾಕಿದೆ. ಸಂಜೆ ಮಗಳು "ಇದ್ಯಾಕೆ ಮಾವ?" ಎಂದಳು.

"ವಯಸ್ಸಾದವರಿಗೆ ಬಾಗಿಲ ಗಾಳಿ ಆಗಲ್ಲ" ಎಂದೆ.

"ನಿಮಗೆ ವಯಸ್ಸಾಯ್ತು ಅಂತ ನಿಮ್ಮ ಬಾಯಲ್ಲೇ ಕೇಳೋ ಹಾಗಾಯ್ತಲ್ಲ" ಎಂದು ನಕ್ಕಳು. ಕನ್ನಡಕ ಒರೆಸಿಕೊಟ್ಟಳು. ಅದರ ಮೇಲೆ ಅಂಟು ಸಿಡಿದಿತ್ತು. "ಇದೇನಿದು ಬಿಳಿ?" ಎಂದು ಉಗುರಿನಿಂದ ಕೆರೆದಳು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಮಾರ್ಚ್ 14, ಶುಕ್ರವಾರ

ಕೋಡಂಗಿ ಇನ್ನೂ ಬೆಳ್ಳಗಿದ್ದಾನೆ.

ಮಾರ್ಚ್ 18, ಮಂಗಳವಾರ

ಚೂಟಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮಗುವಿನ ಬೆನ್ನಿನ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ನನ್ನ ಹಾಗೆಯೇ, ನಾನು ಗೋಡೆ ಕೇಳುವ ಹಾಗೆ. ಬೆರಳಿನಿಂದ ಎರಡು ಸಲ ತಟ್ಟಿಯೂ ನೋಡಿದಳು.

"ಮನೇಲಿ ಎಲ್ಲಾದ್ರೂ ತೇವ ಇದೆಯಾ? ಬೂಷ್ಟು ಹಿಡಿದಿದೆಯಾ? ಇವಳ ಉಸಿರಲ್ಲಿ ಸಿಳ್ಳು ಕೇಳಿಸ್ತಿದೆ."

ಮಗಳು ಬಚ್ಚಲಿನ ವಿಷಯ ಹೇಳಿದಳು. ಆಮೇಲೆ "ಮಲಗೋ ಕೋಣೆ ಚೆನ್ನಾಗಿದೆ. ನಮ್ಮ ಮಾವ ಗೋಡೆ ನೋಡಿದ್ದಾರೆ, ಅವರಿಗೆ ಗೊತ್ತು" ಎಂದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. ಮೂವತ್ತೊಂದು ವರ್ಷ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಕೆಮ್ಮು ಬಂತು.

"ನೀವೂ ಕೂತ್ಕೊಳ್ಳಿ ತಾತ, ಎದೆ ನೋಡ್ತೀನಿ."

"ನಾನು ಜೊತೆಗೆ ಬಂದವನು" ಎಂದು ಹೊರಗೆ ಬಂದು ನಿಂತೆ.

ಚೂಟಿಗೆ ಉದ್ದ ಕೊಳವೆಯನ್ನು ಮೂಗಿನ ಮೇಲಿಟ್ಟು ಉಸಿರಿನೊಡನೆ ಎಳೆದುಕೊಳ್ಳುವ ಔಷಧಿ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು "ಅಜ್ಜ, ನಾನು ಆನೆ" ಎಂದಳು. ಬೇರೆ ಯಾವ ಪ್ರಾಣಿಯೂ ಹೊಳೆಯಲಿಲ್ಲವೇ ಈ ಹುಡುಗಿಗೆ.

ಮಾರ್ಚ್ 21, ಶುಕ್ರವಾರ

ಮಗಳು ಆರೋಗ್ಯ ಕಚೇರಿಗೆ ಅರ್ಜಿ ಕೊಟ್ಟಿದ್ದಾಳೆ. ಬರುವ ಗುರುವಾರ ಪರೀಕ್ಷೆಗೆ ಬರುತ್ತಾರಂತೆ. ಅದು ತಿಳಿದು ಓನರಮ್ಮ ಇವತ್ತೇ ಬಂದರು. ಚಪ್ಪಲಿ ಬಿಡದೆ, ಕೂರದೆ, ಹಾಲ್‌ನ ನಡುವೆ ನಿಂತು, ಒಣ ಹಾಕಿದ್ದ ಚೂಟಿಯ ಶಾಲೆಯ ಸಮವಸ್ತ್ರದ ಕಡೆ ಬೆರಳು ತೋರಿಸಿದರು.

"ಇದೇ ನೋಡಿ ಕಾರಣ. ಮನೆ ಒಳಗೆ ಬಟ್ಟೆ ಒಣಗಿಸ್ತೀರಿ, ಕಿಟಕಿ ಮುಚ್ಚಿಡ್ತೀರಿ, ಆಮೇಲೆ ಬೂಷ್ಟು ಅಂತೀರಿ. ನೀವು ಬರೋ ಮುಂಚೆ ಈ ಮನೇಲಿ ಉಪ್ಪಿನ ಡಬ್ಬಿ ಮುಚ್ಚಳ ತೆಗೆದಿಟ್ಟರೂ ಉಪ್ಪು ಹಾಗೇ ಇರ್ತಿತ್ತು."

"ಮೇಲಿನ ಪೈಪು ಸೋರಿದ್ದು ನಮ್ಮ ಬಟ್ಟೆಯಿಂದಾನಾ?" ಎಂದಳು ಮಗಳು.

"ಪೈಪು ಸೋರಿದ್ದು ಹೋದ ತಿಂಗಳು. ಸರಿ ಮಾಡಿಸ್ತಾ ಇದೀನಿ. ಅದಕ್ಕೂ ಮುಂಚೆ ತೇವ ಇತ್ತು ಅನ್ನೋದಕ್ಕೆ ಏನಿದೆ ನಿಮ್ಮ ಹತ್ರ? ಒಂದು ಸಾಕ್ಷಿ ತೋರಿಸಿ, ನಾನೇ ಇಡೀ ಗೋಡೆ ಕೀಳಿಸಿ ಕೊಡ್ತೀನಿ. ಇಲ್ಲದಿದ್ರೆ ಪರೀಕ್ಷೆಯವರ ಮುಂದೆ ನಾನು ಹೇಳೋದು ಇಷ್ಟೇ, ಇವರು ಮನೆ ಹಾಳು ಮಾಡಿದ್ದಾರೆ, ಮುಂದಿನ ತಿಂಗಳು ಖಾಲಿ ಮಾಡಲಿ."

ಮಗಳು ಒಣ ಹಾಕಿದ್ದ ಸಮವಸ್ತ್ರ ಎಳೆದು ಕೈಗೆ ತೆಗೆದುಕೊಂಡಳು. "ನನ್ನ ಮಗು ಉಸಿರಾಡೋಕೆ ಕಷ್ಟಪಡ್ತಿದೆ" ಎಂದಳು. "ನಂಗೂ ಮಕ್ಕಳಿದಾರಮ್ಮ" ಎಂದರು ಓನರಮ್ಮ.

ಸಾಕ್ಷಿ ಇದ್ದದ್ದು ಎಂಟು ಹೆಜ್ಜೆ ಆಚೆ. ಮೇ 14 ಎಂದು ನನ್ನ ಕೈಯಲ್ಲೇ ಬರೆದದ್ದು. ಬಾಯಿ ತೆರೆದೆ. "ಬಿಸಿಲು ಕಡಿಮೆ ಆಯ್ತು ಈ ವರ್ಷ" ಎಂದೆ. ಯಾಕೆ ಹಾಗೆಂದೆನೋ. ಇಬ್ಬರೂ ನನ್ನನ್ನು ನೋಡಿದರು. ನಾನು ಚೀಲ ಹಿಡಿದು ಕೆಳಗಿಳಿದೆ.

ಹತ್ತುವಾಗ ಗಡಿಯಾರದವರು ಬಾಗಿಲ ಹೊರಗೆ ಒಂದು ಸ್ಟೂಲ್ ಹಾಕಿಟ್ಟಿದ್ದರು. ನನ್ನ ಮಾತೆಂದರೆ ಅವರಿಗೆ ಅಷ್ಟು ರುಚಿ. ಮೊದಲನೆಯ ಮಹಡಿಯ ಕಿಟಕಿಯೂ ಚೆನ್ನಾಗಿದೆ, ಅಲ್ಲಿಂದ ಬೀದಿಯ ತಿರುವು ಕಾಣುತ್ತದೆ. ಹತ್ತು ತಿಂಗಳಲ್ಲಿ ನಾನದನ್ನು ಗಮನಿಸಿಯೇ ಇರಲಿಲ್ಲ.

ಮಾರ್ಚ್ 22, ಶನಿವಾರ

ಹೇಳಿದರೆ ಓನರಮ್ಮ ಸೋಲುತ್ತಾರೆ. ಹೇಳಿದರೆ ನಾನೂ ಸೋಲುತ್ತೇನೆ. ಹೇಳದಿದ್ದರೆ ಮಗಳು ಸೋಲುತ್ತಾಳೆ. ಅತ್ತ ದರಿ, ಇತ್ತ ಪುಲಿ, ಮಧ್ಯೆ ಚುಕ್ಕೆ ಬಂದ ಸಿಂಹ.

ಇನ್ನೊಂದು ಹುಳು ತಲೆ ಕೊರೆಯುತ್ತಿದೆ. ಅಳಿಯ ನಿನ್ನೆ ಊಟಕ್ಕೆ ಕೂತಾಗ, ಬೇಕರಿಯಲ್ಲಿ ನೆಲಕ್ಕೆ ಚೆಲ್ಲಿದ ಹಿಟ್ಟನ್ನು ಅವತ್ತೇ ಒರೆಸದಿದ್ದರೆ ಮೂರು ದಿನಕ್ಕೆ ಬೂಷ್ಟು ಬರುತ್ತದೆ ಎಂದ. ಸುಮ್ಮನೆ ಹೇಳಿದ ಮಾತು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮೂರು ಪದರ ಕಾಗದ, ಮೂರು ಪದರ ಹಿಟ್ಟು. ನಾನು ಮುಚ್ಚಿದೆನೋ, ಸಾಕಿದೆನೋ?

ಮೂವತ್ತೊಂದು ವರ್ಷ ಅಂಟಿಸಿದ ಗೋಡೆಗಳಲ್ಲಿ ಹೀಗಾಗಿರಲಿಲ್ಲ. ಅಥವಾ ಆಗಿತ್ತೋ ಏನೋ. ಅಂಟಿಸಿದ ಮೇಲೆ ಒಳಗೆ ಏನಾಯಿತೆಂದು ಯಾವ ಪೋಸ್ಟರಿನವನು ನೋಡಿದ್ದಾನೆ? ಬಿಸಿಲ ಗೋಡೆ, ಬೀದಿ ಗೋಡೆ. ಅದರ ಪಕ್ಕದಲ್ಲಿ ಮಗು ಮಲಗಿರಲಿಲ್ಲ.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮೂರು ಸಾಸರ್ ತೆಗೆದುಕೊಂಡೆ. ಒಂದರಲ್ಲಿ ಒದ್ದೆ ಗಾರೆಯ ಚೂರು. ಎರಡನೆಯದರಲ್ಲಿ ಒಣ ಗಾರೆಯ ಮೇಲೆ ಮೈದಾ ಅಂಟು. ಮೂರನೆಯದರಲ್ಲಿ ಒದ್ದೆ ಗಾರೆಯ ಮೇಲೆ ಮೈದಾ ಅಂಟು. ಮಂಚದ ಕೆಳಗೆ ಇಟ್ಟೆ. ಓದಿದವರು ಇದನ್ನೇ ದೊಡ್ಡ ಕಟ್ಟಡದಲ್ಲಿ ಮಾಡುತ್ತಾರೆ.

ಮಾರ್ಚ್ 26, ಬುಧವಾರ

ಸಾಸರುಗಳನ್ನು ನನಗಿಂತ ಮೊದಲು ಚೂಟಿ ಕಂಡುಹಿಡಿದಳು. ಮಂಚದ ಕೆಳಗೆ ತೂರಿ ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು.

"ಅಜ್ಜ, ಇದು ಮೊಲದ ಮರಿನಾ?"

ಬೆಳ್ಳಗೆ, ಬೂದಿ ಬೂದಿಯಾಗಿ ರೋಮ ಬಂದಿತ್ತು. ಕಿತ್ತುಕೊಂಡು ಬಚ್ಚಲಿಗೆ ಓಡಿದೆ. ಕೈ ತೊಳೆಸಿದೆ, ಮುಖ ತೊಳೆಸಿದೆ, ಮತ್ತೆ ಕೈ ತೊಳೆಸಿದೆ. "ಸಾಕು ಅಜ್ಜ, ಕೈ ಕರಗಿಹೋಗುತ್ತೆ" ಎಂದಳು. ಹೇಳುತ್ತಲೇ ಕೆಮ್ಮಿದಳು. ಬಾಗಿ, ನನ್ನ ಮೊಣಕಾಲು ಹಿಡಿದುಕೊಂಡು.

ಒಣ ಅಂಟು ಹಾಗೆಯೇ ಬಿರುಕು ಬಿಟ್ಟಿತ್ತು. ಬರೀ ಒದ್ದೆ ಗಾರೆಯ ಮೇಲೆ ಒಂದೆರಡು ಕಲೆ. ಮೂರನೆಯದು ಮೊಲ.

ಹಾಗಾದರೆ ತಪ್ಪು ನೀರಿನದೋ ನನ್ನದೋ? ಎರಡೂ ಎಂದಾದರೆ ಎಷ್ಟು ಅದರದು, ಎಷ್ಟು ನನ್ನದು? ಇದನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೆ?

ನಾಳೆ ಪರೀಕ್ಷೆಯವರು ಬರುತ್ತಾರೆ.

ಮಾರ್ಚ್ 27, ಗುರುವಾರ

ಬಂದದ್ದು ಒಬ್ಬ ಹೆಂಗಸು, ಕೈಯಲ್ಲಿ ಎರಡು ಮುಳ್ಳಿನ ಸಣ್ಣ ಯಂತ್ರ. ಅದನ್ನು ಗೋಡೆಗೆ ಚುಚ್ಚಿದರೆ ತೇವ ಎಷ್ಟಿದೆ ಎಂದು ಕೀ ಕೀ ಎನ್ನುತ್ತದೆ. ಬಚ್ಚಲಿನಲ್ಲಿ ಅರಚಿತು. ಓನರಮ್ಮ ಬಟ್ಟೆ, ಕಿಟಕಿ, ಉಪ್ಪಿನ ಡಬ್ಬಿ ಎಲ್ಲವನ್ನೂ ಹೇಳಿದರು. ಪರೀಕ್ಷೆಯವರು ಬರೆದುಕೊಂಡರು.

"ಬಚ್ಚಲಿನ ತೇವಕ್ಕೆ ಪೈಪು ಕಾರಣ ಇರಬಹುದು, ನಿಮ್ಮ ಬಳಕೆನೂ ಇರಬಹುದು. ಯಾವಾಗಿಂದ ಅಂತ ಯಂತ್ರ ಹೇಳಲ್ಲಮ್ಮ" ಎಂದರು ಮಗಳಿಗೆ. ಓನರಮ್ಮ ಪರ್ಸ್ ಹೆಗಲಿಗೇರಿಸಿಕೊಂಡರು. ಮಗಳು ಗೋಡೆಗೆ ಒರಗಿ ನಿಂತಳು. ಒಳಗಿಂದ ಚೂಟಿಯ ಕೆಮ್ಮು ಕೇಳಿಸಿತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನಾನು ಎಣಿಸುವುದನ್ನು ಬಿಟ್ಟು ಎದ್ದೆ.

"ಯಂತ್ರ ಹೇಳದಿದ್ರೆ ಗೋಡೆ ಹೇಳುತ್ತೆ, ಬನ್ನಿ" ಎಂದೆ.

ಚೂಟಿಯನ್ನು ಗಡಿಯಾರದವರ ಮನೆಗೆ ಕಳಿಸಿ ಬಂದು ಬೀರು ತಳ್ಳಿದೆ. ಅಲುಗಲಿಲ್ಲ. ಅಳಿಯ ಬಂದು "ನೀವು ಬಿಡಿ ಮಾವ" ಎಂದು ಒಬ್ಬನೇ ಸರಿಸಿದ. ಕೋಡಂಗಿ ಹೊರಬಂದ. ಅವನಿಗೂ ಗಡ್ಡ ಬಂದಿತ್ತು. ಪರೀಕ್ಷೆಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿ, ಮೂಲೆ ಹಿಡಿದು ಎಳೆದರು. ಕೋಡಂಗಿ, ಆನೆ, ಸಿಂಹ ಮೂವರೂ ಒದ್ದೆ ಚಾಪೆಯ ಹಾಗೆ ಒಟ್ಟಿಗೆ ಕೆಳಗೆ ಬಿದ್ದರು. ಆ ವಾಸನೆ ಹೇಗೆ ಬರೆಯಲಿ.

ಹಿಂದೆ ಗೋಡೆ ಕಪ್ಪಗಿತ್ತು. ಕಪ್ಪಿನ ಒಳಗೆ ನನ್ನ ಪೆನ್ಸಿಲ್ ಗೆರೆಗಳು, ಒಂದರೊಳಗೊಂದು, ಮರ ಕೊಯ್ದಾಗ ಕಾಣುವ ಬಳೆಗಳ ಹಾಗೆ.

"ಈ ಕೈಬರಹ ಯಾರದು?"

"ನಂದು."

ಅವರು ಟಾರ್ಚ್ ಹಿಡಿದು ಗಟ್ಟಿಯಾಗಿ ಓದಿದರು. "ಜುಲೈ ಆರು. ಜೂನ್ ಒಂಬತ್ತು. ಒಳಗಿನದು ಮೇ ಹದಿನಾಲ್ಕು." ಓನರಮ್ಮನ ಕಡೆ ತಿರುಗಿದರು. "ಇವರು ಮನೆಗೆ ಬಂದದ್ದು ಎಂದು?"

ಓನರಮ್ಮ ಪರ್ಸಿನೊಳಗೆ ಏನೋ ಹುಡುಕಿದರು. ಅಳಿಯ ಹೇಳಿದ. "ಹನ್ನೆರಡು. ಮೇ ಹನ್ನೆರಡು."

"ಎರಡು ದಿನದಲ್ಲಿ ಬಟ್ಟೆ ಒಣಗಿಸಿ ಇಷ್ಟು ತೇವ ಮಾಡೋಕಾಗಲ್ಲ. ಹಳೆ ಕಲೆ ಮೇಲೆ ಬಣ್ಣ ಹೊಡೆದಿದ್ದಾರೆ."

"ತಾರೀಖು ಇವತ್ತೂ ಬರೀಬಹುದಲ್ಲ" ಎಂದರು ಓನರಮ್ಮ, ಮೆಲ್ಲಗೆ.

ಪರೀಕ್ಷೆಯವರು ಕೆಳಗೆ ಬಿದ್ದ ಕಾಗದದ ಪದರ ಬಿಡಿಸಿ ನೋಡಿದರು. ಸಿಂಹದ ಮೇಲೆ ಸೆಪ್ಟೆಂಬರ್, ಆನೆಯ ಮೇಲೆ ಮಾರ್ಚ್. "ಗೆರೆ ಇರೋದು ಮೂರು ಪದರದ ಕೆಳಗೆ. ಹೇಗೆ ಬರೀತಾರೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅಂಟು ಯಾವುದು ಹಾಕಿದ್ರಿ?"

"ಮೈದಾ."

"ನೀರು ಕರೆದ ನೆಂಟ ಇದು ಯಜಮಾನ್ರೇ. ಬರೋದು ಬಂದೇ ಬರ್ತಿತ್ತು. ಆದರೆ ಎಲೆ ಹಾಕಿ ಬಡಿಸಿದ್ದು ನೀವು."

ನಾನು ತಲೆಯಾಡಿಸಿದೆ. ಈ ಸಲ ಕೆಮ್ಮು ಬರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಗಳು ಗೆರೆಗಳನ್ನೇ ನೋಡುತ್ತಿದ್ದಳು. ಗಾಜಿನ ಮೇಲೆ ಗೀರು ನೋಡುವ ಹಾಗೆ.

ಮಾರ್ಚ್ 28, ಶುಕ್ರವಾರ

ಆ ಕೋಣೆಗೆ ಬೀಗ. ಎಲ್ಲರೂ ಹಾಲ್‌ನಲ್ಲಿ. ಓನರಮ್ಮ ಗೋಡೆ ಪೂರ್ತಿ ಕಿತ್ತು ಮಾಡಿಸಬೇಕು, ಇಲ್ಲವೇ ನಾವು ಯಾವ ತಕರಾರಿಲ್ಲದೆ ಬಿಟ್ಟು ಹೋಗಬಹುದು ಎಂದು ಆರೋಗ್ಯ ಕಚೇರಿಯಿಂದ ಕಾಗದ ಬಂದಿದೆ. ಅದರಲ್ಲಿ ಬೂಷ್ಟಿಗೆ ಶಿಲೀಂಧ್ರ ಎಂದು ಬರೆದಿದ್ದಾರೆ. ಅಷ್ಟು ಚೆಂದದ ಹೆಸರು ಅದಕ್ಕೆ.

ಮಗಳು ಗೆದ್ದಳು. ನನ್ನ ಗೆರೆಯಿಂದ ಗೆದ್ದಳು. ಆದರೆ ಸಂಜೆ ಬಂದವಳು ನನ್ನ ಕನ್ನಡಕ ಮುಟ್ಟಲಿಲ್ಲ.

ಊಟವಾದ ಮೇಲೆ ಕೇಳಿದಳು. "ಅವಳ ಮಂಚ ಬಾಗಿಲ ಹತ್ರ ಹಾಕಿದ್ರಲ್ಲ, ಅವತ್ತು ನಿಮಗೆ ಗೊತ್ತಿತ್ತು ಅಲ್ವಾ ಮಾವ?"

"ಹ್ಞೂಂ."

"ಡಾಕ್ಟರ್ ಕೇಳಿದಾಗ?"

"ಹ್ಞೂಂ."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ? ಅಮ್ಮ ಹೋದ ಮೇಲೆ ನಾನು ಯಾವುದಕ್ಕೂ ನಿಮ್ಮನ್ನೇ ಕೇಳ್ತಾ ಬಂದೆ."

ಹತ್ತು ಉತ್ತರ ಬಾಯಿಯವರೆಗೆ ಬಂದವು. ಎಲ್ಲವೂ ಗಟ್ಟಿಯಾದವು. ಯಾವುದನ್ನೂ ಹೇಳಲಿಲ್ಲ.

ಮಾರ್ಚ್ 31, ಸೋಮವಾರ

ಕನ್ನಡಕ ಮಬ್ಬಾಗಿದೆ. ನಾನೇ ಅಂಗಿಯಿಂದ ಒರೆಸಿಕೊಂಡೆ. ಇನ್ನೂ ಮಬ್ಬಾಯಿತು.

ಏಪ್ರಿಲ್ 4, ಶುಕ್ರವಾರ

ಹಾಲ್‌ನಲ್ಲಿ ಮಲಗಲು ಶುರು ಮಾಡಿ ವಾರವಾಯಿತು. ಚೂಟಿಯ ಸಿಳ್ಳು ಕಡಿಮೆಯಾಗಿದೆ. ಡಾಕ್ಟರಮ್ಮ ಅವಳ ಬೆನ್ನು ತಟ್ಟಿ ಖುಷಿಪಟ್ಟಳು. ನಾನು ಎದ್ದು ಹೊರಡುವಷ್ಟರಲ್ಲಿ ಮಗಳು ನನ್ನ ತೋಳು ಹಿಡಿದು ಚೂಟಿ ಕೂತಿದ್ದ ಸ್ಟೂಲಿನ ಮೇಲೆ ಕೂರಿಸಿದಳು. ಹಿಡಿದ ಕೈ ಬಿಡಲಿಲ್ಲ.

"ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ ತಾತ? ಎಷ್ಟು ದಿನದಿಂದ?"

"ಅಂಥದ್ದೇನೂ ಇಲ್ಲ" ಎಂದೆ.

"ನೀವು ದಿನಾ ಬರೀತೀರಲ್ಲ ಮಾವ, ಪುಸ್ತಕ ನೋಡಿ ಹೇಳಿ" ಎಂದಳು ಮಗಳು, ನನ್ನ ಕಡೆ ನೋಡದೆ.

"ಅದರಲ್ಲಿ ಅದರ ವಿಷಯ ಏನೂ ಬರೆದಿಲ್ಲ" ಎಂದೆ. ನಿಜವನ್ನೇ ಹೇಳಿದೆ. ಆದರೂ ನನಗೂ ಒಂದು ಆನೆ ಮೂತಿ ಕೊಟ್ಟು ಕಳಿಸಿದರು. ಚೂಟಿಗೆ ಜೊತೆ ಬೇಕಿತ್ತೇನೋ.

ಏಪ್ರಿಲ್ 6, ಭಾನುವಾರ

ಬೇಕರಿಯ ಹಿಂದಿನ ಬೀದಿಯಲ್ಲಿ ಒಂದು ಮನೆ ಖಾಲಿ ಇದೆ ಎಂದು ಅಳಿಯ ಕರೆದುಕೊಂಡು ಹೋದ. ಎಲ್ಲರೂ ಹೋದೆವು. ನೆಲಮಹಡಿ. ಮೆಟ್ಟಿಲಿಲ್ಲದ ಮನೆ ನನ್ನಂಥವನಿಗೆ ಸಾಲದು, ಕಾಲು ಜಂಗು ಹಿಡಿಯುತ್ತದೆ ಎಂದೆ. ಚೂಟಿ ಆಗಲೇ ಒಳಗೆ ಓಡಿದ್ದಳು. ಗಡಿಯಾರದವರ ಸ್ಟೂಲು ಮಾತ್ರ ನೆನಪಾಯಿತು.

ಒಳಗಿನ ಕೋಣೆಯಲ್ಲಿ ಮಗಳು ನಿಂತಳು. ಹೊಸ ಬಣ್ಣ, ಬೆಳ್ಳಗೆ. ಸುತ್ತ ನೋಡಿದಳು, ಅಳಿಯನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಒಂಬತ್ತು ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು.

"ಹೇಗಿದೆ ಮಾವ ಗೋಡೆ?"

ನಾನು ಹತ್ತಿರ ಹೋದೆ. ಗೆಣ್ಣಿನಿಂದ ಎರಡು ಸಲ ತಟ್ಟಿದೆ. ಕಿವಿ ಇಟ್ಟೆ. ಟಣ್ ಎಂದಿತು. ಕಲ್ಲಿನ ಹಾಗೆಯೇ ಟಣ್ ಎಂದಿತು. ಆ ಮನೆಯಲ್ಲೂ ಇದೇ ಸದ್ದು ಬಂದಿತ್ತು. ಇನ್ನೊಮ್ಮೆ ತಟ್ಟಿದೆ. ಚೂಟಿ ಬಂದು ಪಕ್ಕದಲ್ಲಿ ನಿಂತು ಅವಳೂ ತಟ್ಟಿ, ಕಿವಿ ಇಟ್ಟು, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನಂಗೊತ್ತಿಲ್ಲ" ಎಂದೆ.

ಅಳಿಯ ತಿರುಗಿ ನೋಡಿದ.

"ನಂಗೊತ್ತಾಗಲ್ಲ ಕಣೇ. ಆ ಮುಳ್ಳಿನ ಯಂತ್ರದವರನ್ನ ಕರಿ. ಅವರು ಚುಚ್ಚಿ ನೋಡಿ ಹೇಳಲಿ, ಆಮೇಲೆ ಬರೋಣ."

ಹೇಳಿದ್ದು ಗಟ್ಟಿಯಾಗಿಯೇ ಹೇಳಿದೆ. ಅಷ್ಟು ಗಟ್ಟಿಯಾಗಿ ಆ ಮಾತು ಹೇಳಿದವರು ಈ ಪಟ್ಟಣದಲ್ಲಿ ಇನ್ನೊಬ್ಬರಿಲ್ಲ, ಪಂದ್ಯ ಬೇಕಾದರೆ ಕಟ್ಟುತ್ತೇನೆ. ಖಾಲಿ ಕೋಣೆಯಾದ್ದರಿಂದ ಅದು ಎರಡು ಸಲ ಕೇಳಿಸಿತು.

ಮಗಳು ಹತ್ತಿರ ಬಂದಳು. ಆಮೇಲೆ ನನ್ನ ಮೂಗಿನ ಮೇಲಿನ ಕನ್ನಡಕ ಕಿತ್ತುಕೊಂಡಳು. ಚೀಲದಲ್ಲಿ ಮೆತ್ತನೆ ಬಟ್ಟೆ ಹುಡುಕಿ, ಬಾಯಿಂದ ಹಬೆ ಊದಿ, ಒಂದು ಗಾಜು, ಆಮೇಲೆ ಇನ್ನೊಂದು ಗಾಜು, ಅವಸರವಿಲ್ಲದೆ ಒರೆಸಿದಳು. ಅಷ್ಟು ಹೊತ್ತು ನನಗೆ ಗೋಡೆಯೂ ಕಾಣಲಿಲ್ಲ, ಅವಳ ಮುಖವೂ ಕಾಣಲಿಲ್ಲ.

"ಇದನ್ನ ನೋಡಿದವರು ನಮ್ಮ ಅಂಗಡಿಗೆ ಬರೋದೇ ಬಿಡ್ತಾರೆ" ಎಂದಳು.

ಮನೆಗೆ ಬಂದು ಚೆನ್ನಾಗಿ ಊಟ ಮಾಡಿದೆ.